ರೀಡಿಂಗ್

ಮೊದಲು ತೆಗೆದದ್ದೆಲ್ಲ ಮೀಟರುಗಳೇ.
ಮಂಡಿಪೇಟೆ, ಗಾಂಧಿನಗರ, ಆಜಾದ್ ನಗರ,
ತಿಂಗಳಿಗೆ ಎರಡು ಸಾವಿರದ ಚಿಲ್ಲರೆ ಮನೆ.
ಜೇಡರ ಬಲೆ ಸರಿಸು, ಮೊಬೈಲು ಒಡ್ಡು,
ಅಂಕಿ ಸ್ಪಷ್ಟ ಬಂದರಾಯಿತು.
ಬಿಲ್ಲು ಹರಿದು ಕೊಟ್ಟೆ. ಮುಂದಿನ ಮನೆ.

ಕ್ಯಾಮೆರಾ ಬಂದದ್ದು ಅಕಸ್ಮಾತ್ತು.
ಸ್ಟುಡಿಯೋಗೆ ಬೀಗ ಹಾಕುತ್ತಿದ್ದ ಕೊಟ್ರಬಸಪ್ಪನ
ಬಾಕಿ ಬಿಲ್ಲು ನಾನು ಕಟ್ಟಿದೆ.
"ಇದನ್ನ ನೀನೇ ಇಟ್ಕಳಪ್ಪ" ಅಂದ.
ಲೆನ್ಸಿನ ಮೂಲೆಗೆ ಬೂಷ್ಟು ಹಿಡಿದಿತ್ತು.

ಆಮೇಲೆ ಭಾನುವಾರದ ಚಟ.
ಕುಂದವಾಡ ಕೆರೆಯಲ್ಲಿ ಸೂರ್ಯ ಎಷ್ಟು ಸಲ ಮುಳುಗಿದನೋ
ಅಷ್ಟಕ್ಕೂ ನನ್ನ ಬಳಿ ಸಾಕ್ಷಿಯಿದೆ.
ದಾಸವಾಳಕ್ಕೆ ನಾನೇ ನೀರು ಚಿಮುಕಿಸಿ
ಇಬ್ಬನಿ ಅಂದೆ.
"ಮಗಳದು ಒಂದಾದ್ರೂ ನೆಟ್ಟಗಿನ ಫೋಟೋ ಐತಾ ಮನ್ಯಾಗೆ?"
ಹಾಲಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು.
ಕೇಳಿಸಲಿಲ್ಲ ಅಂದುಕೊಂಡೆ.

ಮಂಡಕ್ಕಿ ಭಟ್ಟಿಯ ಲೈನಿನಲ್ಲಿ ಒಂದು ಬೆಳಿಗ್ಗೆ
ತಗಡಿನ ತೂತುಗಳಿಂದ ಬಿಸಿಲು
ಹೊಗೆಯೊಳಗೆ ಕೋಲು ಕೋಲಾಗಿ ಇಳಿದಿತ್ತು.
ಕಾದ ಮರಳಲ್ಲಿ ಅಕ್ಕಿ ಅರಳುವ ಚಟಪಟ,
ಜರಡಿ ಎತ್ತಿ ನಿಂತ ಒಂದು ಕಪ್ಪು ಆಕಾರ.
ಹನ್ನೊಂದು ಸಲ ಒತ್ತಿದೆ.
ಸ್ಪರ್ಧೆಯಲ್ಲಿ ಎರಡನೇ ಬಹುಮಾನ,
ಒಂದು ಗೋಡೆ ಗಡಿಯಾರ.

ಮುಂದಿನ ತಿಂಗಳು ರೀಡಿಂಗಿಗೆ ಹೋದವನು
ಚೌಕಟ್ಟು ಸಮೇತ ಒಯ್ದೆ.
ಮೌಲಾಬಿ ಕೈಬೂದಿ ಸೆರಗಿಗೊರೆಸಿ
ಅಂಚು ಮಾತ್ರ ಹಿಡಿದು ಬಹಳ ಹೊತ್ತು ನೋಡಿದಳು.
"ಹೊಗಿ ಚಲೋ ಬಂದೈತಿ.
ಇದ್ರಾಗೆ ನಾನೆಲ್ಲಿ?"

ಬೆರಳಿಟ್ಟು ತೋರಿಸಿದೆ.
"ಇದು ನಮ್ಮ ಸೊಸಿನೂ ಆಗಬೌದು,
ಆಚೆ ಭಟ್ಟಿ ಚಾಂದ್‌ಬಿನೂ ಆಗಬೌದು."
ಬೈಯಲಿಲ್ಲ.
ಬೊಗಸೆ ತುಂಬ ಬಿಸಿ ಮಂಡಕ್ಕಿ ಕೊಟ್ಟಳು.
ಒಂದು ಮರಳಿನ ಕಣ ಹಲ್ಲಿಗೆ ಸಿಕ್ಕಿತು.
ಮನೆ ಮುಟ್ಟುವವರೆಗೂ ಇತ್ತು.

ನಾಲ್ಕು ತಿಂಗಳು ಕ್ಯಾಮೆರಾ ಚೀಲದಲ್ಲೇ.
ಡ್ಯೂಟಿ ಮುಗಿಸಿ ಹೊಟ್ಟಿನ ಮೂಟೆಯ ಮೇಲೆ ಕೂರುವುದು,
ಅಷ್ಟೇ.
ಒಲೆಗೆ ಹೊಟ್ಟು ಸುರಿಯುವ ಕೈ ಎಲ್ಲಿ ನಿಲ್ಲುತ್ತದೆ,
ಮರಳಿನ ಕಾವು ಅವಳು ಹೇಗೆ ಮೂಗಿನಲ್ಲೇ ಅಳೆಯುತ್ತಾಳೆ,
ಹೊಗೆ ಹೊರಳಿದರೆ
ಬಲಗಣ್ಣು ಎಡಗಣ್ಣಿಗಿಂತ ಒಂದು ಚಿಟಿಕೆ ಮೊದಲೇ ಮುಚ್ಚುತ್ತದೆ.
ಹದಿನಾರು ವರ್ಷ ಆ ಬಾಗಿಲಲ್ಲಿ ನಿಂತಿದ್ದೇನೆ.
ಆರ್‌ಆರ್ ನಂಬರು ಬಾಯಿಪಾಠ.
ಹೆಸರು ಕೇಳಿದ್ದು ಈಗ.

ಶ್ರಾವಣದ ಒಂದು ಮಧ್ಯಾಹ್ನ,
ಬಿಸಿಲುಕೋಲೂ ಇಲ್ಲ, ಹೊಗೆಯೂ ಇಲ್ಲ,
ತೊಳೆದ ಪಾತ್ರೆಯ ಬಣ್ಣದ ಬೆಳಕು.
ಒಲೆ ಆರಿಸಿ ಹೊಸ್ತಿಲಲ್ಲಿ ಕೂತು
ಬಶಿಗೆ ಚಾ ಬಗ್ಗಿಸುತ್ತ
"ಹ್ಞೂಂ, ಈಗ ತಗಿ" ಅಂದಳು.

ಒಂದೇ ಸಲ.
ನನ್ನ ಕೈ ನಡುಗಿ ಬಶಿಯ ಅಂಚು ಅಲುಗಿದೆ,
ಮೂಲೆಯಲ್ಲಿ ಬೂಷ್ಟಿನ ಮಂಜು.
ಕಣ್ಣೆರಡೂ ನೆಟ್ಟಗಿವೆ,
ಈ ಸಲ ಬಿಲ್ಲು ಯಾಕೆ ಜಾಸ್ತಿ ಅನ್ನುವಾಗ
ನೋಡುತ್ತಾಳಲ್ಲ, ಹಾಗೆ.

ಅದನ್ನು ಎಲ್ಲಿಗೂ ಕಳಿಸಲಿಲ್ಲ.
ರೇಷನ್ ಕಾರ್ಡಿನ ಪ್ಲಾಸ್ಟಿಕ್ಕಿನೊಳಗೆ ಇಟ್ಟಿದ್ದಾಳೆ.
ಹರಿಹರದ ತಂಗಿಗೆ ಇನ್ನೊಂದು ಬೇಕಂತೆ, ದೊಡ್ಡದು.

ಈಗ ಆ ಗಲ್ಲಿಗೆ ತಿರುಗಿದರೆ
ಕರೆಂಟಣ್ಣ ಅನ್ನುತ್ತಿದ್ದ ಹುಡುಗರು
ಫೋಟೋದಣ್ಣ ಅಂತ ಕೂಗುತ್ತಾರೆ.
ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ
ನಾನೂ ತಿರುಗಿ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಹಾಲಮ್ಮ ಮಗಳಿಗೆ ಜಡೆ ಹಾಕುತ್ತಿದ್ದಳು.
ಚೀಲ ಬಿಚ್ಚಲಿಲ್ಲ.
ಮೂರನೇ ಎಳೆ ಎಲ್ಲಿ ಜಾರುತ್ತದೆ,
ನೋಡುತ್ತ ಕೂತೆ.