ನೆರೆ ತಂದ ಬಾಗಿಲು

ಸೀನೋಸ್ ಅಂದರೆ ನಮ್ಮ ಮಾತಿನಲ್ಲಿ ಗಂಟೆಗಳು.
ಗಂಟೆಗಳ ಹೊಳೆ. ಬರುವಾಗ
ಒಂದನ್ನೂ ಬಾರಿಸಲಿಲ್ಲ.

ಇಪ್ಪತ್ತಾರು ರಾತ್ರಿ ಶಾಲೆಯ ಆಟದ ಹಾಲಿನಲ್ಲಿ
ಬ್ಯಾಸ್ಕೆಟ್‌ಬಾಲ್ ಬಲೆಯ ಕೆಳಗೆ ಮಲಗಿ
ನಾನೂ ನಾದಿನಿ ಇವೋನೆಚಿಯೂ ಮನೆಗೆ ಬಂದೆವು.
ಬಾಗಿಲು ತೆರೆಯಲಿಲ್ಲ.
ಉಬ್ಬಿ ಕೂತಿತ್ತು, ಮುನಿದ ಬೀಗರ ಹಾಗೆ.
ಪಕ್ಕದ ಓಣಿಯ ವಾಲ್ದೊಯಿರ್ ಹಾರೆ ತಂದು ಮೀಟಿದ.
ಸೀಳಿ ಎರಡಾಯಿತು.
ಹಿತ್ತಲ ಗೋಡೆಯೇ ಬಿದ್ದಿದೆಯೆಂದು ಆಮೇಲೆ ಕಂಡಿತು.
ಸುತ್ತಿ ಬಂದಿದ್ದರೆ ಬಾಗಿಲಾದರೂ ಉಳಿಯುತ್ತಿತ್ತು.

ಫ್ರಿಜ್ಜು ಮಂಚದ ಮೇಲೆ ಅಂಗಾತ ಮಲಗಿತ್ತು.
ಮಂಚ ಅಡುಗೆಮನೆಯಲ್ಲಿತ್ತು.
ಗೋಡೆಯಲ್ಲಿ, ನನ್ನ ನೆತ್ತಿಗಿಂತ ಮೊಳ ಮೇಲೆ,
ಕಂದು ಗೆರೆ. ಬಣ್ಣ ಬಳಿಯುವವನೂ
ಅಷ್ಟು ನೇರ ಎಳೆಯಲಾರ.
ನಾತದ ಬಗ್ಗೆ ಹೇಳುವುದಿಲ್ಲ.
ಇವೋನೆಚಿ ಮೂಗಿಗೆ ಕರ್ಪೂರದ ಮುಲಾಮು ಹಚ್ಚಿ
ಒಳಗೆ ಹೋದಳು, ಹೊರಗೆ ಬಂದು ಕಾರಿಕೊಂಡು
ಮತ್ತೆ ಒಳಗೆ ಹೋದಳು. ಅಷ್ಟು ಸಾಕು.

ಮೇಲೆ ಕೆನೆ, ಕೆಳಗೆ ಅಂಟು, ಅಂಥ ಕೆಸರು.
ನಮ್ಮ ಕಾರ್ಖಾನೆಯಲ್ಲಿ ಬೂಟಿಗೆ ಅಟ್ಟೆ ಹಚ್ಚುವ ಗೋಂದು
ಇದರ ಮುಂದೆ ಬರೀ ನೀರು.
ಸಲಿಕೆ ಹಾಕಿದರೆ ಸಲಿಕೆಯನ್ನೇ ಕಚ್ಚಿ
ಕೊಡೆನೆನ್ನುತ್ತದೆ.
ಒಂದು ಬಾನಿ ಬೀದಿಗೆ ಸುರಿದು ಬರುವಷ್ಟರಲ್ಲಿ
ಇನ್ನೊಂದು ಬಾನಿಯಷ್ಟು ತಾನೇ ಜರುಗಿ ಬಂದಿರುತ್ತದೆ.
ಮೂರನೆಯ ದಿನ ನೆಲದ ಒಂದು ಟೈಲು ಕಂಡಿತು.
ಹಸಿರು.
ಇವೋನೆಚಿ ಅದರ ಮೇಲೆ ಕೂತೇಬಿಟ್ಟಳು,
ತುಂಬಿದ ಬಸ್ಸಿನಲ್ಲಿ ಸೀಟು ಹಿಡಿದವಳ ಹಾಗೆ.

ಬೀದಿಯ ಎರಡೂ ಬದಿ, ಮನೆಗಳು
ತಮ್ಮ ಕರುಳು ತಾವೇ ತೆಗೆದು ಗುಡ್ಡೆ ಹಾಕಿದ್ದವು.
ಹಾಸಿಗೆ, ಹಾಸಿಗೆ, ಹಾಸಿಗೆ, ಹೊಲಿಗೆಯಂತ್ರ,
ಉಬ್ಬಿದ ಮದುವೆ ಆಲ್ಬಮ್ಮು, ಹಾಸಿಗೆ.
ಪುರಸಭೆಯ ಹುಡುಗಿ ಫಾರಮ್ಮು ತಂದಳು.
ಕಳೆದುಕೊಂಡದ್ದಕ್ಕೆ ಹನ್ನೆರಡು ಸಾಲು.
ಬಂದದ್ದಕ್ಕೆ ಜಾಗವಿರಲಿಲ್ಲ.

ಬಂದದ್ದೂ ಇತ್ತು.
ನಡುಮನೆಯಲ್ಲಿ, ಸೋಫಾಕ್ಕೆ ಒರಗಿ,
ನಮ್ಮದಲ್ಲದ ಒಂದು ಬಾಗಿಲು.
ನೀಲಿ. ಗಟ್ಟಿ ಮರ. ಹಿತ್ತಾಳೆಯ ಹಿಡಿ.
ಹಾಕಿದ ಬೀಗ ಹಾಕಿದಂತೆಯೇ,
ನಾಲಗೆ ಹೊರಗೆ ಚಾಚಿ
ಯಾವುದೋ ಮನೆಯನ್ನು ಇನ್ನೂ ಕಾಯುತ್ತಿತ್ತು.

ಗುಡ್ಡೆಗೆ ಎಸೆ, ಅಂದ ವಾಲ್ದೊಯಿರ್.
ನನ್ನ ಹಾಸಿಗೆ ಎಸೆದೆ, ಅಮ್ಮನ ಕಪಾಟು ಎಸೆದೆ,
ಇದಕ್ಕೆ ಕೈ ಬರಲಿಲ್ಲ.
ತೊಳೆದೆ. ಹಲ್ಲುಜ್ಜುವ ಬ್ರಷ್ಷಿನಲ್ಲಿ
ಬೀಗದ ಕಣ್ಣು ತೊಳೆದೆ.
ಜೂನ್ ಅಂದರೆ ನಮಗೆ ಚಳಿಗಾಲ, ಬಿಸಿಲಿಲ್ಲ,
ಗಾಳಿಗೇ ಒಣಗಿಸಿ ಬೀದಿಯಲ್ಲಿ ನಿಲ್ಲಿಸಿ
ರಟ್ಟಿನ ಮೇಲೆ ಬರೆದೆ:
ಕಸವಲ್ಲ. ಯಾರದು?

ಒಂಬತ್ತು ದಿನ. ಕಸದ ಲಾರಿ ಬಂತು, ಹೋಯಿತು.
ಎಷ್ಟಕ್ಕೆ ಕೊಡ್ತೀರಿ, ಅಂತ ಇಬ್ಬರು ಕೇಳಿದರು.
ಹತ್ತನೆಯ ದಿನ ಒಬ್ಬ ಬಂದ. ದಾನದ ಬೂಟು,
ಕಾಲಿಗಿಂತ ಎರಡು ನಂಬರು ದೊಡ್ಡದು
(ಬೂಟು ಮೊದಲು ನೋಡುತ್ತೇನೆ, ಕಸುಬು ಹಾಗೆ).
ಯಾರನ್ನೂ ಏನೂ ಕೇಳಲಿಲ್ಲ.
ಜೇಬಿನಿಂದ ಕೀಲಿಕೈ ತೆಗೆದು
ಹಾಕಿ ತಿರುಗಿಸಿದ.
ನಾಲಗೆ ಒಳಗೆ ಹೋಯಿತು.

ಅಡೆಲ್ಮೀರ್ ಅಂತ ಹೆಸರು. ಹೊಳೆಯ ಏರಿಯ ಕೆಳಗಿನ ಮನೆ.
ಒಯ್ಯಿರಿ, ಅಂದೆ.
ಎಲ್ಲಿಗೆ? ಅಂದ.
ಮೂರು ಮೆಟ್ಟಿಲಿವೆ. ಬೆಳಿಗ್ಗೆ ಹತ್ತಿದೆ.
ಹತ್ತಿ ಇಳಿದೆ.

ನಮ್ಮ ಚೌಕಟ್ಟಿಗೆ ಅದು ನಾಲ್ಕು ಬೆರಳು ಗಿಡ್ಡ.
ಅಡೆಲ್ಮೀರ್ ಹಿಡಿದುಕೊಂಡ, ವಾಲ್ದೊಯಿರ್ ತಿರುಪು ಬಿಗಿದ.
ಕೆಳಗಿನ ಸಂದಿಗೆ, ಹಳೆಯ ಪ್ಯಾಂಟಿನ ಕಾಲಿಗೆ ಮರಳು ತುಂಬಿ
ಅಡ್ಡ ಇಟ್ಟೆವು. ಆದರೂ ಗಾಳಿ ಬರುತ್ತದೆ.
ಎರವಲು ತಂದ ಒಂದೇ ಬುರುಡೆಯಲ್ಲಿ
ನಾಲ್ವರೂ ಸರದಿಯ ಮೇಲೆ ಕಹಿ ಮಾಟೆ ಹೀರಿದೆವು,
ನಿಂತೇ. ಕುರ್ಚಿ ಇನ್ನೂ ಬಂದಿರಲಿಲ್ಲ.

ಹೊರಡುವಾಗ ಕೀಲಿಕೈ ನನ್ನತ್ತ ಚಾಚಿದ.
ಕೈ ನೀಡಿದೆ. ಹಿಂದಕ್ಕೆ ತೆಗೆದುಕೊಂಡ.
ಒಂದೇ ಒಂದು ಸಲ, ಅಂದ.

ಹೊರಗೆ ಹೋಗಿ ಎಳೆದು ಬೀಗ ಹಾಕಿದ.
ಹಿಂದೆ ಗೋಡೆಯೇ ಇಲ್ಲದ ಮನೆಯೊಳಗೆ
ನಾವು ಮೂವರು ಬಂದಿಗಳಾಗಿ
ಉಸಿರು ಬಿಗಿಹಿಡಿದು ನಿಂತೆವು.
ಹೊರಗೆ ಕಾಲೊರೆಸುವ ಸದ್ದು.
ಅಲ್ಲಿ ಕಾಲೊರಸು ಇರಲಿಲ್ಲ.
ಆದರೂ ಒರೆಸುತ್ತಿದ್ದ, ಒಂದು ಕಾಲು,
ಇನ್ನೊಂದು ಕಾಲು, ಮತ್ತೆ ಮೊದಲನೆಯದು.

ಆಮೇಲೆ ಕೀಲಿ ತಿರುಗಿತು.