ಗೋಡೆಯ ದಪ್ಪ

ಮೊದಲು ಅದು ಮೀನಿನಂಗಡಿ.
ಅಝೋರ್ಸ್ ದ್ವೀಪದಿಂದ ಹ್ಯಾಮಿಲ್ಟನ್ನಿಗೆ ಬಂದ ಮುದುಕ ಬೆತೆಂಕೂರ್
ಉಪ್ಪು ಹಾಕಿದ ಕಾಡ್ ಮೀನನ್ನು ಸೌದೆಯಂತೆ ಒಟ್ಟಿ
ಗರಗಸದಲ್ಲಿ ಕೊಯ್ದು ಮಾರುತ್ತಿದ್ದ.
ಅವನು ಹೋದ ಮೇಲೆ ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು.
ಎಂಬತ್ತಾರರ ಚಳಿಗಾಲ ಏಳು ಜನ ಬಂದರು,
ಏಳು ಜನಕ್ಕೆ ಒಂದು ಏಣಿ.

ಆ ಏಳರಲ್ಲಿ ನಾನಿಲ್ಲ.
ನಾನು ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು.
ರಾತ್ರಿಪಾಳಿ ಮುಗಿಸಿ ಬರುವಾಗ
ಮೀನಿನಂಗಡಿಯಲ್ಲಿ ದೀಪ ಕಂಡು ಇಣುಕಿದೆ.
‘ಸುಮ್ಮನೆ ನಿಂತಿದ್ದೀರಲ್ಲ, ಏಣಿ ಹಿಡೀರಿ’ ಅಂದಳು ಓರಿಸ್ಯಾ.
ಹಿಡಿದೆ.

ಚಿತ್ರ ನನಗೆ ಅರ್ಥವಾಗುತ್ತಿರಲಿಲ್ಲ, ಈಗಲೂ ಅರೆಬರೆ.
ನನ್ನದು ತೂತು ಮುಚ್ಚುವ ಕೆಲಸ.
ಪ್ರದರ್ಶನ ಮುಗಿದ ಭಾನುವಾರ
ಮೊಳೆ ಕಿತ್ತು, ಪುಟ್ಟಿ ಮೆತ್ತಿ, ಉಜ್ಜಿ,
ಬಿಳಿ ಬಳಿ, ಮತ್ತೆ ಬಿಳಿ ಬಳಿ.

ಮೀನಿನ ಶೈತ್ಯಕೋಣೆ ಫೋಟೋ ತೊಳೆಯುವ ಕತ್ತಲಕೋಣೆಯಾಯಿತು.
ಯಾರ ಮದುವೆಯ ಚಿತ್ರ ತೊಳೆದರೂ ಮೀನು ನಾತ.
ವೈನಿಗೆ ಕಾಸು ಕೇಳಬೇಕೇ ಬೇಡವೇ
ಎಂಬುದರ ಮೇಲೆ ಮೂರು ವರ್ಷ ಸಭೆ; ಇಬ್ಬರು ಮಾತು ಬಿಟ್ಟರು.
ಗ್ರ್ಯಾಂಡ್ ನದಿಯ ಕಡೆಯ ಮೋಹಾಕ್ ಹೆಂಗಸೊಬ್ಬಳು
ಮಣಿ ಹೆಣೆದ ಮಗುವಿನ ಮೆಟ್ಟು ಒಂದೇ ಒಂದು ಜೊತೆ
ಇಡೀ ಕೋಣೆಗೆ ಇಟ್ಟಳು, ನೆಲದ ಮೇಲೆ.
ಆ ತಿಂಗಳೆಲ್ಲ ಬಂದವರು ಗೋಡೆ ಹಿಡಿದು ನಡೆದರು.

ಕುಲುಮೆ ಆರಿದ ವರ್ಷ
ನಮ್ಮೆಲ್ಲರ ಹಾಜರಿ ಚೀಟಿಗಳನ್ನು ಗೋಡೆಗೆ ಹೊಡೆದೆವು,
ಸಾವಿರದ ಮುನ್ನೂರು.
ಡಂಕನ್ ಮಕ್ಲೀಶ್ ಬಂದ. ಟೋಪಿ ತೆಗೆಯಲಿಲ್ಲ.
ತನ್ನದನ್ನು ಹುಡುಕಿ, ಕಿತ್ತು,
ಜೇಬಿಗಿಟ್ಟುಕೊಂಡು ಹೋದ.
‘ಆ ತೂತೊಂದು ಬಿಡು’ ಅಂದಳು ಓರಿಸ್ಯಾ.
ಬಿಟ್ಟೆ. ಬಣ್ಣ ಬಳಿದಾಗಲೆಲ್ಲ ಸುತ್ತಲ ಗೋಡೆ ಏರಿತು,
ತೂತು ಇದ್ದಲ್ಲೇ ಆಳವಾಯಿತು.

ಆಮೇಲೆ ಟೊರಾಂಟೊದಿಂದ ರೈಲು ಹೆಚ್ಚಿದವು.
ಟೈರಿನ ಅಂಗಡಿ ಕಾಫಿಯಂಗಡಿ ಆಯಿತು;
ಆರು ಡಾಲರಿಗೆ ನೊರೆಯ ಮೇಲೊಂದು ಎಲೆ ಬಿಡಿಸಿ ಕೊಡುತ್ತಾರೆ.
ನಾವು ಚಿತ್ರ ತೋರಿಸಿ ಒಂದು ಕಾಸು ಕೇಳಿದವರಲ್ಲ.
ಮನೆ ಮಾರುವ ದಲ್ಲಾಳಿಯ ಕರಪತ್ರದಲ್ಲಿ
ನಮ್ಮ ಬಾಗಿಲು, ಬಾಗಿಲಲ್ಲಿ ನನ್ನ ಏಣಿ.
ನಾನು ಬಳಿದ ಬಿಳಿಗೇ ಬೆಲೆ ಕಟ್ಟಿ
ಬಾಡಿಗೆ ಕೇಳಿದರು. ಯಾರನ್ನು ಬಯ್ಯಲಿ?

ಮುದುಕನ ಮೊಮ್ಮಗಳು ಲುರ್ದೆಶ್ ಸಹಿ ಹಾಕಿದಳು.
ಅವಳಿಗೂ ಸಾಲ, ಅವಳಿಗೂ ಮಕ್ಕಳು.
ಅಜ್ಜನ ಗರಗಸ ತಂದು ನನ್ನ ಕೈಗಿಟ್ಟು
‘ಏನಾದರೂ ಬೇಕಾದರೆ ಕೊಯ್ದುಕೋ’ ಅಂದಳು.

ಗೋಡೆ ಕೊಯ್ದೆ. ತೂತಿದ್ದ ಕಡೆ,
ರೊಟ್ಟಿಯಷ್ಟು ಅಗಲ.
ಅಡ್ಡ ಹಿಡಿದು ನೋಡಿದರೆ ಪದರ, ಪದರ, ಪದರ:
ಹಾಲಿನ ಬಿಳಿ, ಮೂಳೆಯ ಬಿಳಿ, ಅಗ್ಗದ ಡಬ್ಬಿಯ ನೀಲಿಬಿಳಿ,
ನಡುವೆ ಕೆಂಪು ಒಂದೆಳೆ:
ಆ ಹುಚ್ಚ ಪಾವ್ಲೋ ಕೋಣೆಯನ್ನೆಲ್ಲ ಕೆಂಪು ಮಾಡಿದ ವಸಂತ.
ನೂರಾ ತೊಂಬತ್ತರವರೆಗೆ ಎಣಿಸಿ ಕಣ್ಣು ಸೋತಿತು.
ಒಟ್ಟು ನನ್ನ ಹೆಬ್ಬೆರಳ ದಪ್ಪ.
ಅಂದರೆ ಕೋಣೆ ಅಷ್ಟು ಕಿರಿದಾಗಿತ್ತು,
ಒಳಗಿದ್ದ ನಮಗೆ ಗೊತ್ತೇ ಆಗಲಿಲ್ಲ.

ಈಗ ಊರ ಪೂರ್ವಕ್ಕೆ, ದಂತವೈದ್ಯರ ಹಳೆಯ ಕ್ಲಿನಿಕ್ಕು.
ಓರಿಸ್ಯಾ ಇಲ್ಲ. ಹೊಸಬರು ಒಂಬತ್ತು ಜನ,
ಏಣಿ ಎರಡು. ನನ್ನ ಮಂಡಿಗೆ ಒಂದೂ ಆಗದು.
ಹೋದನ್ ಎಂಬ ಸೊಮಾಲಿ ಹುಡುಗಿ ಹೇಳುತ್ತಾಳೆ,
ಬಿಳಿ ಬೇಡ, ವೈದ್ಯರ ಹಸಿರೇ ಇರಲಿ,
ಇಲ್ಲಿ ಹೆದರಿ ಕೂತವರ ಬಣ್ಣ ಅದು.
ಸಿಟ್ಟು ಬಂತು. ಇಡೀ ದಿನ ಮಾತಾಡಲಿಲ್ಲ.
ಸಂಜೆ ಬಸ್ಸಿನಲ್ಲಿ ಪಕ್ಕದವನನ್ನು ಕೇಳಿದೆ:
ಹಸಿರು ಪುಟ್ಟಿ ಎಲ್ಲಿ ಸಿಗುತ್ತದೆ, ಗೊತ್ತೇ?