ತೊಕ್ಕೊಟ್ಟಿನವರೆಗೆ

ಆಪ್ಶನ್ ಎಂಟ್ರಿಗೆ ಶನಿವಾರ ರಾತ್ರಿ ಕೊನೆ.
ನರ್ಸಿಂಗ್ ಮೇಲೆ ಇಡುವುದಾ, ಫಿಸಿಯೋ ಮೇಲೆ ಇಡುವುದಾ,
ನನ್ನ ರ‍್ಯಾಂಕಿಗೆ ಮೂರನೆಯದು ಕೇಳುವ ಧೈರ್ಯ ಇಲ್ಲ.
"ಡಾಕ್ಟ್ರೂ ಅಲ್ಲ, ನರ್ಸೂ ಅಲ್ಲ, ಅದೆಂತ ತಿಕ್ಕುವ ಕೋರ್ಸು?"
ದಯಾನಂದ ಮಾವ ಬಂಗುಡೆಯ ಮುಳ್ಳು ಬಿಡಿಸುತ್ತಾ ಕೇಳಿದರು.
ಅವರಿಗೆ ಮುಳ್ಳು ಸಿಕ್ಕಿತು, ನನಗೆ ಉತ್ತರ ಸಿಗಲಿಲ್ಲ.

ಐದು ದಿನ ನೋಡಿ ಬರುತ್ತೇನೆಂದು ಹೋದೆ,
ಕಂಕನಾಡಿಯ ಆಸ್ಪತ್ರೆ, ಲಿಫ್ಟು ಇಳಿದ ಮೇಲೂ ಆರು ಮೆಟ್ಟಿಲು ಕೆಳಗೆ.
ಮೇಣದ ವಾಸನೆ, ಬೆವರು, ಗೋಡೆಗೊಂದು ಏಣಿ,
ಯಾರೂ ಹತ್ತಿಹೋಗದ, ಬೆರಳು ಮಾತ್ರ ಹತ್ತುವ ಏಣಿ.
ಮೀನು ಮಾರುವ ಗುಲಾಬಿಯಕ್ಕನ ಬೆರಳು ಒಂಬತ್ತನೇ ಮೆಟ್ಟಿಲಲ್ಲಿ
ಅಯ್ಯೋ ದೇವರೇ ಅನ್ನುತ್ತದೆ, ಇಳಿಯುತ್ತದೆ, ಮತ್ತೆ ಹೊರಡುತ್ತದೆ.

"ಮೊದಲೇ ಹೇಳ್ತೇನೆ, ಕೇಳು" ಅಂದರು ಜೆಸಿಂತಾ ಮೇಡಂ,
ಮೆಷಿನಿನ ವಯರು ಸುತ್ತುತ್ತಾ. "ಶುರುವಿಗೆ ಹದಿನೈದು ಸಾವಿರ.
ಮದುವೆಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದವರು ಕೈ ಚಾಚಿ
'ಇಲ್ಲೊಂದು ನರ ಎಳೀತದೆ, ನೋಡು' ಅಂತಾರೆ.
ಇಗೋ, ಬೇರೆಯವರ ಸೊಂಟ ನೆಟ್ಟಗೆ ಮಾಡಿ ಮಾಡಿ
ನನ್ನ ಸೊಂಟಕ್ಕೆ ಬೆಲ್ಟು."
ಮತ್ತೆ ಒಳ್ಳೆಯದು ಎಂತ ಉಂಟು ಮೇಡಂ?
ವಯರು ಸುತ್ತಿ ಮುಗಿಯುವವರೆಗೂ ಯೋಚಿಸಿದರು.
"ಹತ್ತೂವರೆಗೆ ಹಸನಬ್ಬ ಬರ್ತಾರೆ."

ಹಸನಬ್ಬ. ಇಪ್ಪತ್ತಾರು ವರ್ಷ ಕಂಡಕ್ಟರು,
ಸ್ಟೇಟ್‌ಬ್ಯಾಂಕಿನಿಂದ ತಲಪಾಡಿ, ತಲಪಾಡಿಯಿಂದ ಸ್ಟೇಟ್‌ಬ್ಯಾಂಕು,
ಫುಟ್‌ಬೋರ್ಡಿನ ಮೇಲೆ ಒಂಟಿಕಾಲಲ್ಲಿ.
ಈಗ ಬಲಗಾಲು ಹೇಳಿದ್ದು ಕೇಳುವುದಿಲ್ಲ,
ಮಾತು ಒಳಗೇ ಸೀಟು ಹಿಡಿದು ಕೂತಿದೆ.
ಎರಡು ಕಂಬಿಗಳ ನಡುವೆ ನಿಲ್ಲಿಸಿ ನಾನು ಸೊಂಟದ ಪಟ್ಟಿ ಹಿಡಿದೆ.
ಮೇಡಂ ಎಣಿಸಿದರು: ಒಂದು. ಒಂದು. ಒಂದು.
ಎರಡು ಬರಲೇ ಇಲ್ಲ.

ಮೂರನೇ ದಿನ ಸುಮ್ಮನೆ, ಬೇಜಾರಿಗೆ, ಬಾಯಿಗೆ ಬಂತು:
ಪಂಪ್‌ವೆಲ್.
ಬಲಗಾಲು ಅಲುಗಿತು.
ಜೆಪ್ಪಿನಮೊಗರು.
ಹಿಮ್ಮಡಿ ನೆಲ ಬಿಟ್ಟಿತು.
ನೇತ್ರಾವತಿ ದಾಟಿದೆವು ನಾವಿಬ್ಬರು ಕಂಬಿ ಹಿಡಿದು,
ಕೆಳಗೆ ಹೊಳೆ ಇಲ್ಲ, ಹಸಿರು ರಬ್ಬರು ಹಾಸು.
ಪಟ್ಟಿಯ ಆಚೆ, ನನ್ನ ಅಂಗೈಗೆ ತಾಗುವಂತೆ ಒಂದು ಸ್ನಾಯು
ಹಳೇ ಇಂಜಿನಿನ ಹಾಗೆ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು.
ಆ ಸಂಜೆ ಬಸ್ಸಿನಲ್ಲೇ ಫಿಸಿಯೋ ಅಂತ ಒತ್ತಿಬಿಡುವವಳಿದ್ದೆ.
ಫೋನಿನಲ್ಲಿ ಚಾರ್ಜಿರಲಿಲ್ಲ. ಒಳ್ಳೆಯದೇ ಆಯಿತು.

ನಾಲ್ಕನೇ ದಿನ ಪಂಪ್‌ವೆಲ್ ಅಂದೆ, ಇಲ್ಲ.
ಜೆಪ್ಪಿನಮೊಗರು, ಇಲ್ಲ. ಕಾಲು ಕಂಬ.
ತೊಕ್ಕೊಟ್ಟು ಅಂದೆ, ಬೇಡಿಕೊಂಡೆ, ತೊಕ್ಕೊಟ್ಟು,
ತೋಳು ನಡುಗಿತು, ಸಿಟ್ಟು ಬಂತು ಮುದುಕನ ಮೇಲೆ,
ಸಿಟ್ಟು ಬಂದದ್ದಕ್ಕೆ ನಾಚಿಕೆ,
ನಾಚಿಕೆ ಮುಚ್ಚಲು ಇನ್ನೂ ಜೋರಾಗಿ ತೊಕ್ಕೊಟ್ಟು.
ಹಸನಬ್ಬ ಅರ್ಧ ಮುಖದಲ್ಲಿ ನನ್ನತ್ತ ತಿರುಗಿದರು.
ಎರಡು ತಿಂಗಳ ಮೇಲೆ ಮೊದಲ ಮಾತು:
"ಬ್ಲಾಕ್."

ಗುಲಾಬಿಯಕ್ಕ ನಕ್ಕು ಏಣಿಯಿಂದ ಕೈ ಬಿಟ್ಟಳು.
ಮೇಡಂ ಬೆಲ್ಟು ಹಿಡಿದುಕೊಂಡು ನಕ್ಕರು.
ಅವರ ಹೆಂಡತಿ ಬೀಫಾತಿಮ್ಮ ನಗಲಿಲ್ಲ, ತುಟಿಯನ್ನೇ ನೋಡಿದರು,
ಇನ್ನೊಂದು ಬಂದೀತೆಂದು.
ಕಾಲು ಆ ದಿನ ಅಲುಗಲೇ ಇಲ್ಲ.
ಫೈಲಿನಲ್ಲಿ ಬರೆದದ್ದು: ಪ್ರಗತಿ ಇಲ್ಲ, ನಾಳೆ ಹತ್ತೂವರೆ.
ಮಾತು ಬಂದದ್ದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

ಐದನೇ ದಿನ ಹತ್ತೂವರೆಗೆ ಅವರು ಬರಲಿಲ್ಲ.
ಹನ್ನೊಂದಾಯಿತು. ನಾನು ಖಾಲಿ ಕಂಬಿ ಒರೆಸುತ್ತಾ
ತಲಪಾಡಿಯಿಂದ ರಿಕ್ಷಾಕ್ಕೆ ಎಷ್ಟಾದೀತೆಂದು ಲೆಕ್ಕ ಹಾಕಿದೆ.

ಇವತ್ತು ಶನಿವಾರ. ಮರೋಳಿ, ರಾತ್ರಿ ಹತ್ತು.
ಗೇರುಬೀಜದ ಫ್ಯಾಕ್ಟರಿಯಿಂದ ಬಂದ ಅಮ್ಮ ಕುತ್ತಿಗೆ ಹಿಡಿದು ಕೂತಿದ್ದಾಳೆ,
ಇಡೀ ದಿನ ಇಡಿ ಬೇರೆ ತುಂಡು ಬೇರೆ ಮಾಡಿದ ಕುತ್ತಿಗೆ.
ನನ್ನ ಒಂದು ಕೈಯಲ್ಲಿ ಫೋನು. ಪರದೆ ಮಬ್ಬಾಗುತ್ತದೆ, ಮುಟ್ಟಿ ಎಬ್ಬಿಸುತ್ತೇನೆ.
ಇನ್ನೊಂದು ಅವಳ ಬೆನ್ನಿನ ಮೇಲೆ,
ಐದು ದಿನದ ವಿದ್ಯೆಯ ಜಂಬದಲ್ಲಿ: ಇಲ್ಲೇ ಅಲ್ವಾ ನೋವು?
"ಅಲ್ಲ."
ಇಲ್ಲಿ?
"ಅಲ್ಲ ಮಾರಾಯ್ತಿ, ಸ್ವಲ್ಪ ಕೆಳಗೆ."
ಫೋನು ನೆಲಕ್ಕಿಡುತ್ತೇನೆ.
ಎರಡೂ ಕೈ ಬೇಕು ಇದಕ್ಕೆ.